ಖಂಡುಗದ ಲೆಕ್ಕ

ಹಳೆಯ ಮೈಸೂರು ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಮನೆಗಳಲ್ಲಿ, ಅಟ್ಟದ ಮೇಲೋ ಮಂಚದ ಕೆಳಗೋ, ತಗಡಿನ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ನಾಲ್ಕು ಜಾತಕ, ಎರಡು ಮಸುಕಾದ ಭಾವಚಿತ್ರ, ಯಾರೂ ಓದದ ಕಾಗದಪತ್ರಗಳು ಅದರ ಸಂಪತ್ತು. ಅಂಥ ಒಂದು ಪೆಟ್ಟಿಗೆಯನ್ನು ಮೊಮ್ಮಗಳು ಧೂಳು ಕೊಡವಿ ತೆರೆದ ದಿನ, ಎಂಬತ್ತು ದಾಟಿದ ಅಜ್ಜಿ ಅದರ ತಳದಿಂದ ಮಡಿಸಿದ ಕಾಗದವೊಂದನ್ನು ತಾವೇ ಎತ್ತಿಕೊಂಡರು. ಆಕೆಯ ತಂದೆ 1958ರಲ್ಲಿ ಬರೆಸಿದ ಪತ್ರ ಅದು. ಮಗನಿಗೆ ಹೊಲ ಒಂದು ಖಂಡುಗ. ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಗದ್ದೆ ಒಂದು ಖಂಡುಗ.

"ಇಬ್ಬರಿಗೂ ಒಂದೊಂದು ಖಂಡುಗ ಅಂತ ಅಪ್ಪ ಬರೆಸಿದರು. ಅಣ್ಣನ ಹೊಲ ಗುಡ್ಡದ ಬುಡದವರೆಗೂ ಹೋಗುತ್ತಿತ್ತು. ನನ್ನ ಗದ್ದೆ ಈ ಬದುವಿನಿಂದ ಕೂಗಿದರೆ ಆ ಬದುವಿಗೆ ಕೇಳುತ್ತಿತ್ತು. ಎಲ್ಲೆ ತೋರಿಸಿಕೊಟ್ಟವನು ಅಣ್ಣನೇ," ಎಂದರು ಅಜ್ಜಿ. ಮದುವೆಯಾಗಿ ಚಿಕ್ಕ ವಯಸ್ಸಿಗೇ ಪಟ್ಟಣ ಸೇರಿದವರು ಆಕೆ. ಗದ್ದೆಯನ್ನು ಮಗನ ಓದಿಗೆಂದು ಮಾರಿದ್ದೂ ಆಯಿತು. ಅಣ್ಣ ತೀರಿಕೊಂಡಾಗ ಹೋಗಿ ಅತ್ತು ಬಂದದ್ದೂ ಆಯಿತು. ಆದರೆ ಆ ಮಾತು ಮಾತ್ರ ಎದೆಯಲ್ಲಿ ಹಾಗೆಯೇ ಉಳಿದಿತ್ತು. ತವರಿನ ಅತ್ತಿಗೆಯೊಡನೆ ಹಬ್ಬಕ್ಕೊಂದು ಮಾತೂ ಇರಲಿಲ್ಲ.

ಮೊಮ್ಮಗಳು ಈ ಕಾಲದ ಹುಡುಗಿ. "ಒಂದು ಖಂಡುಗ ಎಂದರೆ ಎಷ್ಟು ಎಕರೆ?" ಎಂದು ಅಂತರ್ಜಾಲವನ್ನು ಕೇಳಿದಳು. ಉತ್ತರ ಕಣ್ಣೆವೆಯಿಕ್ಕುವುದರೊಳಗೆ ಬಂತು. ಬಹು ಧೈರ್ಯದ ಉತ್ತರ. ಮತ್ತೊಂದು ತಾಣದಲ್ಲಿ ಅಷ್ಟೇ ಧೈರ್ಯದಿಂದ ಬೇರೊಂದು ಅಂಕಿ ನಿಂತಿತ್ತು. ಮೂರನೆಯದು ಮೊದಲನೆಯದರ ನಕಲು. ಒಂದರಲ್ಲಾದರೂ ಈ ಲೆಕ್ಕ ಎಲ್ಲಿಂದ ಬಂತೆಂಬ ಸುಳಿವಿಲ್ಲ. ಸಂತೆಯಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವನೂ ಕೈ ತೋರಿಸುತ್ತಾನಲ್ಲವೇ, ಹಾಗೆ.

ಸರ್ಕಾರದ 'ಭೂಮಿ' ಜಾಲತಾಣವನ್ನೂ ಆಕೆ ತೆರೆದು ನೋಡಿದಳು. ಪಹಣಿಯನ್ನು ಮನೆಯಲ್ಲೇ ಕುಳಿತು ನೋಡುವ ಸೌಕರ್ಯವೇನೋ ದೊಡ್ಡದೇ. ಆದರೆ ಅಲ್ಲಿ ಇರುವುದು ಎಕರೆ, ಗುಂಟೆ. ಕೇಳುವುದು ಸರ್ವೆ ನಂಬರು. ಮುತ್ತಜ್ಜನ ಕಾಗದದಲ್ಲಿ ಇದ್ದದ್ದು ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹುಣಿಸೆಮರ ಎಂಬ ಚೆಕ್ಕುಬಂದಿ. ಎರಡಕ್ಕೂ ಗಂಟು ಬೀಳಲಿಲ್ಲ.

ವಿಕಿಪೀಡಿಯ ಆಕೆಗೆ ಶಾಲೆಯ ದಿನಗಳಿಂದ ಪರಿಚಿತ. 2001ರಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ 2003ರಲ್ಲಿ ಕನ್ನಡಕ್ಕೂ ಬಂದ ಈ ವಿಶ್ವಕೋಶವನ್ನು ಬರೆಯುವವರು ಸಂಬಳವಿಲ್ಲದ ಸಾಮಾನ್ಯ ಜನ. ಅದರಿಂದಲೇ ಅದಕ್ಕೆ ಬಲ, ಅದರಿಂದಲೇ ಅಪಾಯ. 2005ರಲ್ಲಿ ಜಾನ್ ಸೀಗೆಂತಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರನ್ನು ಕೆನಡಿ ಸೋದರರ ಕೊಲೆಯ ಶಂಕಿತರೆಂದು ಯಾರೋ ಚೇಷ್ಟೆಗೆ ಬರೆದದ್ದು ತಿಂಗಳುಗಟ್ಟಲೆ ಹಾಗೆಯೇ ಇತ್ತು. ಆದರೂ ಒಳ್ಳೆಯ ಲೇಖನದ ಅಡಿಯಲ್ಲಿ ಆಧಾರಗ್ರಂಥಗಳ ಹೆಸರಿರುತ್ತದೆ. ಲೇಖನಕ್ಕಿಂತ ಆ ಅಡಿಟಿಪ್ಪಣಿಯೇ ಅನೇಕ ವೇಳೆ ಹೆಚ್ಚು ಬೆಲೆಯುಳ್ಳದ್ದು. ಹುಡುಗಿ ಹಿಡಿದದ್ದು ಆ ದಾರಿಯನ್ನೇ: ಹೇಳಿದವರನ್ನು ಬಿಟ್ಟು, ಬರೆದಿಟ್ಟವರ ಬಳಿಗೆ ಹೋಗುವುದು.

ಮೊದಲು ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕೂಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ಕೋಶ 'ಅಲರ್' ಎಂಬ ಹೆಸರಿನಿಂದ 2019ರಲ್ಲಿ ಜಾಲಕ್ಕೆ ಬಂತು. ಕಾಸು ಕೇಳದೆ, ಜಾಹೀರಾತು ತೋರಿಸದೆ ಅರ್ಥ ಹೇಳುವ ತಾಣ. ಅಲ್ಲಿಂದ ಮುಂದೆ ಕಿಟ್ಟೆಲರು. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹದಿನೇಳು ನೂರಕ್ಕೂ ಮಿಕ್ಕ ಪುಟಗಳು. ಅದರ ಒಂದೊಂದು ಪುಟದ ಚಿತ್ರವೂ ಈಗ ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿದೆ. ಚಿತ್ರಗಳಾದ್ದರಿಂದ ಪದವನ್ನು ಬೆರಳಚ್ಚಿಸಿ ಹುಡುಕುವುದು ಸುಲಭವಲ್ಲ. ಅಕಾರಾದಿಯನ್ನು ನೆನೆಯುತ್ತ ಪುಟ ಮಗುಚಬೇಕು. ಹುಡುಗಿ ಎಡವಿದಾಗಲೆಲ್ಲ ಅಜ್ಜಿಯೇ ಕ, ಖ, ಗ, ಘ ಎಂದು ಹೇಳಿಕೊಟ್ಟರು.

ಈ ಆರ್ಕೈವಿನ ಕಥೆಯೂ ಹೇಳತಕ್ಕದ್ದೇ. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬುವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಸಂಸ್ಥೆ ಇದು. ಈಗ ಇರುವುದು ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ. ಅತ್ತ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಲಕ್ಷಾಂತರ ಪುಸ್ತಕಗಳ ಪುಟಗಳನ್ನು ಛಾಯಾಪ್ರತಿ ಮಾಡಿತ್ತು. ಮುಂದೆ ಆ ತಾಣವೇ ಮುಚ್ಚಿಹೋಯಿತು. ಅಷ್ಟರಲ್ಲಿ ಪುಸ್ತಕಗಳ ಪ್ರತಿಗಳು ಆರ್ಕೈವನ್ನು ಸೇರಿದ್ದರಿಂದ ಅಷ್ಟು ಜನರ ಶ್ರಮ ಉಳಿಯಿತು. ಹಾಗೆಂದು ಅದಕ್ಕೂ ಅಮೃತತ್ವವಿಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಹಲವು ದಿನ ಬಾಗಿಲು ಹಾಕಿತ್ತು. ಬೇಕಾದ ಪುಸ್ತಕವನ್ನು ಕಂಡ ದಿನವೇ ಇಳಿಸಿಕೊಳ್ಳುವುದು ಜಾಣತನ.

ಖಂಡುಗವೆಂದರೆ ಇಪ್ಪತ್ತು ಕೊಳಗ, ಕಾಳು ಅಳೆಯುವ ಮಾಪು. ಇದನ್ನು ನಿಘಂಟು ಹೇಳಿತು, ಅಜ್ಜಿಗೂ ಗೊತ್ತಿತ್ತು. ಆದರೆ ಕಾಳಿನ ಅಳತೆ ನೆಲಕ್ಕೆ ಹೇಗೆ ಬಂತು? ಅದಕ್ಕೆ ಉತ್ತರ ಸಿಕ್ಕಿದ್ದು ಅದೇ ತಾಣದ ಬೇರೆ ಎರಡು ಗ್ರಂಥಗಳಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ತಂಗಿದ ಊರುಗಳಲ್ಲಿ ರೈತರನ್ನು ಕೂರಿಸಿಕೊಂಡು ಬಿತ್ತನೆಯೆಷ್ಟು, ಬೆಳೆಯೆಷ್ಟು, ಸೇರೆಷ್ಟು, ಕೊಳಗವೆಷ್ಟು ಎಂದು ಕೇಳಿ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದು ಊರಿನ ಅಳತೆ ಮತ್ತೊಂದು ಊರಿಗೆ ಒಪ್ಪುವುದಿಲ್ಲವೆಂದು ಆತ ಕಾಣಿಸಿದ್ದಾನೆ. ಅನಂತರ ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರು. 1897ರ ಪರಿಷ್ಕೃತ ಆವೃತ್ತಿ. ಖುಷ್ಕಿಗೆ ಒಂದು ಲೆಕ್ಕ, ತರಿಗೆ ಇನ್ನೊಂದು ಲೆಕ್ಕ.

ಖಂಡುಗ ಬಿತ್ತನೆ ಹಿಡಿಯುವ ನೆಲವೇ ಖಂಡುಗದ ನೆಲ. ರಾಗಿಯ ಕಾಳು ಸಾಸಿವೆಯಷ್ಟು. ಒಂದು ಕೊಳಗ ಹಿಡಿದು ಹೊರಟರೆ ಹೊಲದ ಮೇಲೆ ಬಹುದೂರ ಬರುತ್ತದೆ. ಭತ್ತವನ್ನು ಒತ್ತಾಗಿ ಚೆಲ್ಲಬೇಕು. ಅಷ್ಟೇ ಕೊಳಗ ಅಲ್ಲಿಯೇ ಮುಗಿಯುತ್ತದೆ. ಹೀಗಾಗಿ ಹೊಲದ ಖಂಡುಗ ಗದ್ದೆಯ ಖಂಡುಗಕ್ಕಿಂತ ಕಣ್ಣಿಗೆ ಹಲವು ಪಟ್ಟು ದೊಡ್ಡದು. ನಾಲೆಯ ನೀರು ಹರಿಯುವ ಗದ್ದೆಯ ಬೆಲೆಯಾದರೋ ಬೇರೆಯೇ.

ಮೊಮ್ಮಗಳು ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದಳು. ಅಜ್ಜಿ ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಪುಟದ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದರು. ಇಂಗ್ಲಿಷು ಅವರಿಗೆ ಬಾರದು. ಆದರೂ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೂ ಎಳೆದರು.

"ಇದನ್ನು ಯಾರೋ ಈಗ ಬರೆದದ್ದಲ್ಲ ತಾನೆ?"

"ಅಲ್ಲ ಅಜ್ಜಿ. ನಿಮ್ಮ ಅಪ್ಪ ಹುಟ್ಟುವುದಕ್ಕೆ ಮುಂಚೆ ಅಚ್ಚಾದದ್ದು."

ಬಹಳ ಹೊತ್ತು ಆಕೆ ಮಾತಾಡಲಿಲ್ಲ. ತಂದೆಯ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಪೆಟ್ಟಿಗೆಯೊಳಗಿಟ್ಟರು. "ನೀರಿನ ನೆಲವನ್ನು ನನಗೆ ಬಿಟ್ಟು, ಮಳೆ ನಂಬುವ ಹೊಲವನ್ನು ತಾನು ಇಟ್ಟುಕೊಂಡ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮೊಮ್ಮಗಳ ಕೈಯಲ್ಲಿದ್ದ ಫೋನನ್ನು ನೋಡಿ ಕೇಳಿದರು:

"ಪುಸ್ತಕ ಓದುವುದು ಮುಗಿಯಿತಲ್ಲ? ಇದರಿಂದ ಅತ್ತಿಗೆಯ ಮನೆಗೆ ಮಾತಾಡಬಹುದೇನು?"