ದುಆ ಇರಲಿ, ಮಾತ್ರೆಯೂ ಇರಲಿ

ಪೆರಾಬೆಯ ಮದ್ರಸದ ಮಗುವೊಂದು ಮೂರ್ಛೆರೋಗದಿಂದ ಬಿದ್ದಾಗ ಹೆತ್ತವರು ನಮ್ಮನ್ನು ಮೊದಲು ಕೇಳುವುದು, 'ಉಸ್ತಾದರೇ, ಇದು ಜಿನ್ನಿನ ಉಪದ್ರವವೇ?' ಎಂದು. ಮೆದುಳಿನ ವಿದ್ಯುತ್ ಸಂಚಾರ ಕ್ಷಣಕಾಲ ಹದ್ದು ಮೀರುವ ಕಾಯಿಲೆಯಿದು ಎನ್ನುತ್ತೇವೆ ನಾವು. ಸರಿಯಾದ ಚಿಕಿತ್ಸೆ ದೊರೆತರೆ ಸುಮಾರು ಶೇ. 70 ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು.

ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಗಾಯದ ಕಲೆಯೋ ಹುಟ್ಟಿನಿಂದ ಬಂದ ರಚನಾದೋಷವೋ ಕಂಡರೆ ರೋಗವು ಔಷಧಿಗೆ ಬಗ್ಗದಿರುವ ಸಾಧ್ಯತೆ ಹೆಚ್ಚು. ಹಾಗೆಂದು ಅದು ಕೊನೆಯ ತೀರ್ಪಲ್ಲ. ಸೂಕ್ತವಾದ 2 ಔಷಧಿಗಳು ಫಲಿಸದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಶಸ್ತ್ರಚಿಕಿತ್ಸೆಗೆ ಅದೇ ಚಿತ್ರ ದಾರಿ ತೋರಬಹುದು.

ಮೂರ್ಛೆರೋಗದಿಂದ ನೊಂದು ಬಂದ ಮಹಿಳೆಯನ್ನು ಪ್ರವಾದಿವರ್ಯರು(ಸ) ದೂರವಿಡಲಿಲ್ಲ. ಆಲಿಸಿದರು, ಆಕೆಗಾಗಿ ಪ್ರಾರ್ಥಿಸಿದರು. ನಾವೂ ದುಆ ಮಾಡೋಣ. ಆದರೆ ವೈದ್ಯರು ಹೇಳುವ ತನಕ ಮಾತ್ರೆ ನಿಲ್ಲಿಸದಿರೋಣ. ಮಗು ಅಲ್ಲಾಹನು ನಮಗೊಪ್ಪಿಸಿದ ಅಮಾನತ್.