ಬಿಳಿ ನಾಲ್ಕರ ಗಾಂಧಾರ

ಮೊನ್ನೆ ಮಧ್ಯಾಹ್ನ ನನ್ನ ಹಾರ್ಮೋನಿಯಂ ಪೇಟಿಯ ಗಾಂಧಾರ ಕೊನೆಗೂ ಕೂತಿತು. ರಾತ್ರಿಯೆಲ್ಲ ಮಳೆ ಸುರಿದು ಹೊಲಕ್ಕೆ ಕಾಲಿಡುವಂತಿರಲಿಲ್ಲ. ನಮ್ಮ ಚಿಕ್ಕನರಗುಂದದ ಎರಿ ಮಣ್ಣು ಒಮ್ಮೆ ತೊಯ್ದರೆ ಮುಗಿಯಿತು, ಹಿಡಿದ ಕಾಲನ್ನು ಬಿಡುವುದಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಪೇಟಿಯ ಮುಚ್ಚಳ ಬಿಚ್ಚಿ, ಬಿಳಿ ನಾಲ್ಕರ, ಅಂದರೆ ಸಪ್ತಕದ ನಾಲ್ಕನೇ ಬಿಳಿ ಕೀಯ, ಹಿತ್ತಾಳೆ ರೀಡನ್ನು ಬುಡದ ಹತ್ತಿರ ಚಾಕುವಿನ ತುದಿಯಿಂದ ಒಂದೊಂದು ಸುತ್ತಿಗೆ ಎರಡೇ ಎರಡು ಸಲ ಕೆರೆದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆಯುವುದು, ಜೋಡಿಸುವುದು, ತಿದಿ ಒತ್ತಿ ಕೇಳುವುದು, ಮತ್ತೆ ಬಿಚ್ಚುವುದು. ಅದೇ ಕೀಯ ಖರ್ಜದ, ಅಂದರೆ ಕೆಳಸಪ್ತಕದ, ರೀಡಿಗೂ ಅದೇ ಉಪಚಾರ. ನಾಲ್ಕನೇ ಸುತ್ತಿಗೆ ಕರಿ ಒಂದರ ಷಡ್ಜವನ್ನೂ ಈ ಗಾಂಧಾರವನ್ನೂ ಕೂಡಿಸಿ ಒತ್ತಿದೆ. ಇಷ್ಟು ವರ್ಷ ಆ ಎರಡರ ನಡುವೆ ಜೇನುಹುಳದ ಹಾಗೆ ಗುಂಯ್‌ಗುಡುತ್ತಿದ್ದ ನಡುಕ ನಿಂತುಹೋಯಿತು. ಒಳಗಿದ್ದ ಹೆಂಡತಿ ಹೊರಗೆ ಬಂದು, "ಏನ್ ಮಾಡಿದ್ರಿ, ಪೇಟಿ ಸುಮ್ಮನಾತಲ್ಲ?" ಅಂದಳು. ಪೇಟಿ ನುಡಿಯುತ್ತಲೇ ಇತ್ತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಆ ನಡುಕಕ್ಕೆ ಲೆಕ್ಕವಿದೆ. ಅಂಗಡಿಯಿಂದ ಬಂದ ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಕರಿ ಒಂದರ ಷಡ್ಜ ಸೆಕೆಂಡಿಗೆ 277 ಕಂಪನದ ಸುಮಾರಿಗೆ ಇದ್ದರೆ, ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಏಳುವ ಗಾಂಧಾರ 346.5ರಲ್ಲಿ ನಿಲ್ಲುತ್ತದೆ. ಪೇಟಿಯ ಗಾಂಧಾರ ಮಾತ್ರ 349.2ಕ್ಕೆ ಏರಿ ಕೂತಿರುತ್ತದೆ. ಎರಡೂ ಮುಕ್ಕಾಲು ಕಂಪನದ ಹತ್ತಿರದ ಅಂತರ. ಪಂಚಮದಲ್ಲಿ ಅರ್ಧ ಕಂಪನದಷ್ಟೂ ವ್ಯತ್ಯಾಸವಿಲ್ಲ, ಅದಕ್ಕೇ ಪಂಚಮದ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಗಾಂಧಾರದಲ್ಲಿ ಮಾತ್ರ ಗಾಯಕ ಒಂದು ಕಡೆ, ಪೇಟಿ ಒಂದು ಕಡೆ. ಭೂಪ ರಾಗ ಹಾಡುವವನು ಗಾಂಧಾರದ ಮೇಲೆ ನಿಂತು ಕಣ್ಣು ಮುಚ್ಚಿದಾಗ, ಪಕ್ಕದಲ್ಲಿ ಕೂತ ನಾನು ಅವನ ಕಿವಿಯಲ್ಲಿ ಸಣ್ಣ ಮುಳ್ಳು ಆಡಿಸುತ್ತಿದ್ದೆನಲ್ಲ ಅಂತ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಾಂಧಾರವನ್ನು ಸ್ವಾಭಾವಿಕ ಸ್ಥಾನಕ್ಕೆ ಇಳಿಸಿ ಶ್ರುತಿ ಮಾಡುವ ರೂಢಿ ಹಳೆಯದು. ಕಳೆದ ಶತಮಾನದ ಆರಂಭದಲ್ಲಿ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯ ಜೊತೆ ಸೇರಿ 22 ಶ್ರುತಿಗಳ ಬೆನ್ನು ಹತ್ತಿ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದ್ದರು. ಅಂಥ ದೊಡ್ಡ ಸಾಹಸ ನನಗೆ ಬೇಕಿಲ್ಲ. ನಾನು ಸಾಥ್ ಮಾಡುವುದು ಹೆಚ್ಚಾಗಿ ನಮ್ಮ ಗುಡಿಯಲ್ಲಿ ಹಾಡುವ ಕಾಕಾ ಒಬ್ಬರಿಗೇ. ಅವರ ಷಡ್ಜ ಮೂವತ್ತು ವರ್ಷದಿಂದ ಕರಿ ಒಂದು. ಅವರಿಗಾಗಿ ಒಂದು ಗಾಂಧಾರ ಸರಿಹೋದರೆ ನನ್ನ ಶ್ರಾವಣ ಸಾರ್ಥಕ.

ಇದಕ್ಕೊಂದು ಬೆಲೆ ತೆರಬೇಕು. ಬಿಳಿ ನಾಲ್ಕನ್ನು ಕರಿ ಒಂದಕ್ಕಾಗಿ ಇಳಿಸಿದ ಮೇಲೆ, ಬಿಳಿ ಎರಡರಲ್ಲಿ ಹಾಡುವವರು ಬಂದರೆ ಅದೇ ಕೀ ಅವರ ಕೋಮಲ ಗಾಂಧಾರವಾಗಿ ಹಾಳು ಬೀಳುತ್ತದೆ. ಬಿಳಿ ನಾಲ್ಕನ್ನೇ ಷಡ್ಜ ಮಾಡಿಕೊಂಡ ಹೆಣ್ಣುಮಕ್ಕಳು ಬಂದರೆ ಷಡ್ಜವೇ ಹಳ್ಳಕ್ಕೆ ಬಿದ್ದಂತೆ. ಈ ಚಿಂತೆಯಲ್ಲಿದ್ದಾಗ ಬೆಂಗಳೂರಿನಲ್ಲಿರುವ ಅಕ್ಕನ ಮಗ ಒಂದು ರೆಕಾರ್ಡಿಂಗ್ ಕೇಳಿಸಿದ. "ಮಾಮಾ, ಇದೂ ನಿಮ್ಮಂಥಾ ಸಾಥೀದಾರರದ ವಾದ್ಯ, ಹಾರ್ಪ್ಸಿಕಾರ್ಡ್ ಅಂತ," ಅಂದ. ತಂತಿಯನ್ನು ಹಕ್ಕಿಗರಿಯ ದಂಟಿನ ಚೂರಿನಿಂದ ಮೀಟುವ ಕೀಲಿಮಣೆ ಅದು. ಯುರೋಪಿನ ಹಳೆಯ ಶ್ರುತಿ ಪದ್ಧತಿಯೊಂದರಲ್ಲಿ ಗಾಂಧಾರಗಳನ್ನು ಶುದ್ಧವಾಗಿ ಕೂಡಿಸಿ, ಉಳಿದ ಕೊಸರನ್ನೆಲ್ಲ ಯಾರೂ ಹೋಗದ ಒಂದು ಮೂಲೆಗೆ ದೂಡುತ್ತಿದ್ದರಂತೆ. ಮರೆತು ಆ ಮೂಲೆಯ ಸ್ವರಗಳನ್ನು ಒತ್ತಿದರೆ ವಾದ್ಯ ಊಳಿಡುತ್ತಿತ್ತು. ಅದಕ್ಕೆ ಅವರು 'ತೋಳ' ಅಂತಲೇ ಹೆಸರಿಟ್ಟಿದ್ದರು. ನನ್ನ ಪೇಟಿಯಲ್ಲೂ ಈಗ ಒಂದು ತೋಳವಿದೆ. ಅದು ಎಲ್ಲಿ ಮಲಗಿದೆ ಅಂತ ನನಗೆ ಗೊತ್ತಿದೆ, ಆ ಕಡೆ ನಾನು ಹೋಗುವುದಿಲ್ಲ.

ತೋಳವನ್ನು ಸಾಕಲು ಮನಸ್ಸಿಲ್ಲದವರು ಸ್ಕೇಲ್ ಚೇಂಜರ್ ಕೊಂಡರು. ನನ್ನ ಹಳೆಯ ಜಗಳ ಇರುವುದೇ ಇಲ್ಲಿ. ಸ್ಕೇಲ್ ಚೇಂಜರ್ ಪೇಟಿಯಲ್ಲಿ ಕೀಲಿಮಣೆಯನ್ನೇ ಅತ್ತಿತ್ತ ಸರಿಸಬಹುದು. ಗಾಯಕರ ಷಡ್ಜ ಯಾವುದೇ ಇರಲಿ, ಬೆರಳು ಮಾತ್ರ ರೂಢಿಯ ಜಾಗದಲ್ಲೇ ಓಡಾಡಬಹುದು. ಅದರ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸರಿಯುವ ಕೀಲಿಮಣೆಗೆ ಹನ್ನೆರಡೂ ಸ್ವರಗಳು ಸಮಪಾಲಿನಲ್ಲೇ ಇರಬೇಕು. ಒಂದನ್ನು ಒಬ್ಬರ ಕಂಠಕ್ಕಾಗಿ ತಿದ್ದಿದರೆ ಉಳಿದ ಹೆಚ್ಚಿನ ಕಡೆ ಅದು ತಪ್ಪು. ಅಂದರೆ ಆ ಪೇಟಿ ಹುಟ್ಟುವಾಗಲೇ ಯಾವ ಕಂಠಕ್ಕೂ ಪೂರಾ ಕೂಡುವುದಿಲ್ಲ ಅಂತ ಬರೆದುಕೊಟ್ಟು ಹುಟ್ಟುತ್ತದೆ. ಮೇಲಾಗಿ ಮೈಭಾರ ಹೆಚ್ಚು, ಸರಿಯುವ ಸಂದಿನಲ್ಲಿ ಗಾಳಿ ಸೋರುವುದು ಬೇರೆ. ನಮ್ಮ ಸೀಮೆಯ ಬ್ಯಾಸಗಿ ಧೂಳಿಗೆ ಅದರ ಹೊಟ್ಟೆಯೊಳಗೆ ಹೊಲವೇ ಬೆಳೆಯುತ್ತದೆ.

ಗಾಯಕರಿಗೊಂದು ಷಡ್ಜ ಎಂಬ ಈ ತೊಡಕಿಗೆ ನಮ್ಮ ಹಿರಿಯ ಪೇಟಿ ಮಾಸ್ತರರು ಬೇರೆ ದಾರಿ ಕಂಡಿದ್ದರು. ಸುಗ್ಗಿ ಮುಗಿದು ಹಳ್ಳಿಯಲ್ಲಿ ನಾಟಕ ಎತ್ತಿದರೆ ಎರಡು ಮೂರು ತಿಂಗಳು ಮಾಸ್ತರರು ಊರಲ್ಲೇ ಬಿಡಾರ. ಕಡ್ಲಿ ಕಿತ್ತು, ಎತ್ತಿಗೆ ಮೇವು ಹಾಕಿ ರಾತ್ರಿ ತಾಲೀಮಿಗೆ ಬರುವ ಹುಡುಗರಿಗೆ ಕಂಠವಿರುತ್ತದೆ, ತಮ್ಮ ಷಡ್ಜ ಯಾವುದೆಂದು ಗೊತ್ತಿರುವುದಿಲ್ಲ. ಒಬ್ಬ ಬಿಳಿ ಒಂದರಲ್ಲಿ ಎತ್ತುತ್ತಾನೆ, ಮತ್ತೊಬ್ಬ ಕರಿ ಮೂರರಲ್ಲಿ ಏರುತ್ತಾನೆ. ಜಾತ್ರೆಯ ರಾತ್ರಿ ಗಾಬರಿಗೆ ಇಬ್ಬರೂ ತಾಲೀಮಿನಲ್ಲಿ ಇಲ್ಲದ ಮೂರನೆಯದರಲ್ಲಿ ಹಾಡುತ್ತಾರೆ. ರಂಗದ ಮುಂದೆ ಕಾಲುಪೇಟಿ ಇಟ್ಟುಕೊಂಡ ಮಾಸ್ತರರು ಹಾಡಿನ ಎರಡನೇ ಅಕ್ಷರಕ್ಕೆ ಆ ಷಡ್ಜ ಹಿಡಿದು, ಮೂರನೇ ಅಕ್ಷರಕ್ಕೆ ಅಲ್ಲಿ ಕೂತುಬಿಟ್ಟಿರುತ್ತಿದ್ದರು. ಒಂದೇ ಹಾಡು, ಹನ್ನೆರಡು ಮನೆ, ಹನ್ನೆರಡರಲ್ಲೂ ಬೆರಳು ನೀರಿನ ಹಾಗೆ. ನಾನು ಹತ್ತು ವರ್ಷದವನಿದ್ದಾಗ ಅಂಥ ಮಾಸ್ತರರ ಬೆನ್ನ ಹಿಂದೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದೆ. ನಾಟಕದ ಕಥೆ ಏನಿತ್ತೋ ನೆನಪಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಒಂದೋ ಪೇಟಿಯನ್ನು ಒಬ್ಬರ ಕಂಠಕ್ಕೆ ಕೂಡಿಸಬೇಕು, ಇಲ್ಲಾ ಬೆರಳನ್ನು ಹನ್ನೆರಡು ಮನೆಗೂ ಕಲಿಸಬೇಕು. ಸ್ಕೇಲ್ ಚೇಂಜರ್ ಈ ಎರಡೂ ದುಡಿಮೆಯಿಂದ ರಜೆ ಕೊಡುತ್ತದೆ. ರಜೆ ತೆಗೆದುಕೊಂಡವರ ಕೈಗೆ ಹೊತ್ತು ಬಹಳ ಉಳಿಯುತ್ತದೆ. ಆ ಹೊತ್ತಿನಲ್ಲಿ ಅವರು ವೇಗ ಕಲಿಯುತ್ತಾರೆ.

ವೇಗದ ಮಾತು ಬಂತು. ಹೋದ ಶ್ರಾವಣದಲ್ಲಿ ಗುಡಿಯ ಭಜನೆಗೆ ಪರವೂರಿನ ಹುಡುಗನೊಬ್ಬ ಹೊಸ ಪೇಟಿ ತಂದಿದ್ದ. ಬೆರಳು ಚುರುಕು, ಚೆಲುವಾದ ಕೈ. ಕಾಕಾ ತತ್ವಪದ ಎತ್ತಿಕೊಂಡರು. ಒಂದು ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಹುಡುಗ ಹದಿನಾರು ಸ್ವರಗಳನ್ನು ಸುರಿದ. ಮುಂದಿನ ಸಾಲಿಗೆ ಇಪ್ಪತ್ತು. ನಾಲ್ಕನೇ ಸಾಲಿಗೆ ಕಾಕಾ ಏನು ಹಾಡಲಿದ್ದಾರೆ ಎಂಬುದನ್ನು ತಾನೇ ಮೊದಲು ನುಡಿಸಿ ತೋರಿಸಿದ. ಮೈಕಿನವನಿಗೂ ಪೇಟಿಯೇ ಪ್ರೀತಿ, ಅದರ ದನಿ ಏರಿಸುತ್ತಲೇ ಹೋದ. ಭಜನೆ ಮುಗಿದ ಮೇಲೆ ಕಾಕಾ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ನಾ ಉಸರ ಹಿಡ್ಯಾಕ ನಿಂತಿದ್ದೆ. ನೀ ಅಷ್ಟರಾಗ ಊರೆಲ್ಲಾ ಸುತ್ತಿ ಬಂದಿ," ಅಂದರು. ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪದದ ನಾಲ್ಕನೇ ಸಾಲಿನಲ್ಲಿ ಕಾಕಾ ಒಂದು ಮಾತಿನ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಆ ನಿಲುಗಡೆಗಾಗಿಯೇ ಊರ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬಂದು ಕಟ್ಟೆಯ ಕೆಳಗೆ ಕೂತಿರುತ್ತಾರೆ. ಅಂದು ಆ ನಿಲುಗಡೆ ಊರಿಗೆ ಸಿಗಲಿಲ್ಲ. ಗಾಯಕರ ಮೌನ ಸಾಥೀದಾರರ ಆಸ್ತಿ ಅಂತ ಇವರಿಗೆ ಹೇಳಿಕೊಟ್ಟವರು ಯಾರು? ತಬಲಾದವನು ಖಾಲಿಯನ್ನು ಖಾಲಿಯಾಗಿಯೇ ಕಾಯುತ್ತಾನೆ. ಪೇಟಿಯವರಿಗೆ ಮಾತ್ರ ಖಾಲಿ ಜಾಗ ಕಂಡರೆ ಅಲ್ಲೊಂದು ಮನೆ ಕಟ್ಟುವ ಚಟ ಏಕೆ?

ಕೈ ಚಲೋ ಇದ್ದವರು ಕೆಡುವುದು ಎಲ್ಲರೂ ಬಲಗೈಯನ್ನೇ ಹೊಗಳುವುದರಿಂದ. ಪೇಟಿಯ ಜೀವ ಇರುವುದು ಎಡಗೈಯಲ್ಲಿ. ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪ್ಯಾರಿಸ್ಸಿನ ದೆಬೇನ್ ತನ್ನ ವಾದ್ಯಕ್ಕೆ 1842ರಲ್ಲಿ ಹಕ್ಕು ಪಡೆದಾಗ ಅದು ಕಾಲಿನಿಂದ ಗಾಳಿ ತುಂಬುವ, ಎರಡೂ ಕೈಯಿಂದ ನುಡಿಸುವ ವಾದ್ಯವಾಗಿತ್ತು. ಕೋಲ್ಕತ್ತಾದ ದ್ವಾರಕಾನಾಥ ಘೋಷ್ ಆ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲಕ್ಕೆ ಇಳಿಸಿ, ತಿದಿಯನ್ನು ಬೆನ್ನಿಗೆ ಕಟ್ಟಿದರು. ಒಂದು ಕೈ ಸ್ವರಕ್ಕೆ ಉಳಿಯಿತು, ಇನ್ನೊಂದು ಶ್ವಾಸಕೋಶವಾಯಿತು. ಯುರೋಪಿನವರಿಗೆ ಎಡಗೈ ಕೆಳಸ್ವರಗಳ ಕೈ, ನಮಗೆ ಉಸಿರಿನ ಕೈ. ಗಾಯಕ ದನಿ ತೆಳ್ಳಗೆ ಮಾಡಿದಾಗ ತಿದಿಯೂ ತೆಳ್ಳಗಾಗಬೇಕು, ಅವನು ಉಸಿರು ಎಳೆದಾಗ ತಿದಿ ಮೆಲ್ಲಗೆ ತೆರೆದುಕೊಳ್ಳಬೇಕು. ಇದನ್ನು ಕಲಿಯಲು ಬೆರಳಿನ ಅಲಂಕಾರಗಳಿಗಿಂತ ಹೆಚ್ಚು ವರ್ಷ ಬೇಕು.

ಅಳಿಯ ಹೇಳಿದ ಹಾರ್ಪ್ಸಿಕಾರ್ಡಿನ ಕಥೆ ಇಲ್ಲಿ ನನಗೆ ಬಹಳ ಹಿಡಿಸಿತು. ಸುಮಾರು 1600ರಿಂದ 1750ರವರೆಗೆ ಯುರೋಪಿನಲ್ಲಿ ಸಾಥೀದಾರನ ಮುಂದೆ ಇಡುತ್ತಿದ್ದುದು ಕೆಳಸ್ವರಗಳ ಒಂದು ಸಾಲು, ಅದರ ಜೊತೆಗೆ ಕೆಲವು ಅಂಕಿ, ಅಷ್ಟೇ. ಉಳಿದದ್ದನ್ನು ಅವನು ಗಾಯಕನ ಮುಖ ನೋಡಿ, ಕಿವಿಗೊಟ್ಟು, ಆ ಕ್ಷಣದಲ್ಲಿ ಕಟ್ಟಬೇಕು. ಅವರು ಕಂಟಿನ್ಯುಓ ಎಂದು ಕರೆಯುವುದು ಇದನ್ನೇ. ಆ ವಾದ್ಯದಲ್ಲಿ ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ, ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ಹಾಗಾಗಿ ಮೆಲ್ಲಗೆ ನುಡಿಸಬೇಕೆಂದರೆ ಬೆರಳುಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತಾರೆ. ನಾಲ್ಕರ ಬದಲು ಮೂರು, ಮೂರರ ಬದಲು ಎರಡು. ಷಡ್ಜಕ್ಕೆ ಏರಲು ತವಕಿಸುವ ನಿಷಾದದಂಥ ಸ್ವರ ಗಾಯಕನ ಬಾಯಲ್ಲಿದ್ದರೆ ಅದನ್ನು ಕೀಲಿಮಣೆಯಲ್ಲಿ ಮತ್ತೆ ಒತ್ತಬೇಡ ಅಂತ ಕಲಿಸುತ್ತಾರೆ. ಬರ್ಲಿನ್ನಿನ ಆಸ್ಥಾನದಲ್ಲಿ ಎರಡನೇ ಫ್ರೆಡ್ರಿಕ್ ಅರಸ ಕೊಳಲು ನುಡಿಸುತ್ತಿದ್ದ. ದೊಡ್ಡ ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ವರ್ಷಗಟ್ಟಲೆ ಅವನಿಗೆ ಸಾಥ್ ಮಾಡಿ, 1762ರಲ್ಲಿ ಈ ವಿದ್ಯೆಯ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದ. ಸಾಥ್ ಎಂಬುದಕ್ಕೆ ಒಂದು ಇಡೀ ಪುಸ್ತಕ ಬೇಕು ಅಂತ ಅವರಿಗೆ ಅನಿಸಿತ್ತಲ್ಲ! ನಮ್ಮಲ್ಲಿ ಕರಪತ್ರದ ಮೇಲೆ ಪೇಟಿಯವರು ಇಂದಿಗೂ 'ಮತ್ತು ಸಂಗಡಿಗರು'.

ಅವರ ಸ್ವರ ತಾನೇ ಆರುತ್ತದೆ, ನಮ್ಮದು ತಿದಿ ಇರುವವರೆಗೂ ಆರುವುದಿಲ್ಲ. ಹಾಗಾಗಿ ನಮ್ಮ ವಿದ್ಯೆಯ ಸಾರ ಬಿಡುವುದರಲ್ಲಿದೆ. ನನಗೆ ಅತಿ ಪ್ರಿಯವಾದ ಪಟ್ಟೂ ಅದೇ. ದರಬಾರಿ ರಾಗದ ಗಾಂಧಾರ ಅತಿಕೋಮಲ, ಅದರ ಮೇಲೆ ತೂಗಾಟ. ಕರಿ ಒಂದರಲ್ಲಿ ಬಿಳಿ ಮೂರನ್ನು ಒತ್ತಿದರೆ ಸಿಗುವುದು ಆ ಗಾಂಧಾರದ ನೆರೆಮನೆಯವನು. ಆದ್ದರಿಂದ ನಾನು ಒತ್ತುವುದಿಲ್ಲ. ಗಾಯಕ ರಿಷಭದಲ್ಲಿರುವಾಗ ಜೊತೆಗಿರುತ್ತೇನೆ. ಗಾಂಧಾರದ ತೂಗಾಟ ಶುರುವಾಗುತ್ತಲೇ ಬೆರಳೆತ್ತಿ, ಮಂದ್ರ ಷಡ್ಜ ಒಂದನ್ನೇ ಹಿಡಿದು, ತಿದಿಯನ್ನು ಕೇಳಿಯೂ ಕೇಳದಷ್ಟು ಸಡಿಲ ಬಿಡುತ್ತೇನೆ. ಮಧ್ಯಮ ಮುಟ್ಟಿ ಅವನು ಇಳಿಯುವಾಗ ರಿಷಭದಲ್ಲಿ ಕಾದಿರುತ್ತೇನೆ. ಆ ಮೂರು ನಾಲ್ಕು ಸೆಕೆಂಡು ಪೇಟಿಯಲ್ಲಿ ಗಾಂಧಾರವೇ ಇರುವುದಿಲ್ಲ, ಸಭೆಯಲ್ಲಿ ಮಾತ್ರ ಇರುತ್ತದೆ. ಕೇಳಿದವರು ಆಮೇಲೆ, "ದರಬಾರಿ ಗಾಂಧಾರಾನೂ ಪೇಟಿಯೊಳಗ ಬಂತಲ್ರೀ!" ಅನ್ನುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಬಿರುದು ಬೇಡ.

ಈ ಬಿಡುವ ವಿದ್ಯೆ ಎಲ್ಲರಿಗೂ ಇದ್ದಿದ್ದರೆ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಮೇಲೆ ನಿಷೇಧ ಹಾಕುತ್ತಿತ್ತೇ? ನಿಂತ ಸ್ವರ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಶ್ರುತಿ ಇಲ್ಲ ಎಂಬ ದೂರು. ರವೀಂದ್ರನಾಥ ಠಾಕೂರರೂ ಆ ಪಕ್ಷದವರೇ. ದೂರಿನಲ್ಲಿ ನಿಜವಿತ್ತು, ಶಿಕ್ಷೆ ಅನ್ಯಾಯದ್ದು. ನಿಷೇಧ ಸುಮಾರು ಮೂರು ದಶಕ ನಡೆಯಿತು. ಧಾರವಾಡ ಕೇಂದ್ರ 1950ರಲ್ಲಿ ಶುರುವಾದದ್ದೂ ಅದರ ನಡುವೆಯೇ. ಅದೇ ಹೊತ್ತಿಗೆ ನಮ್ಮ ಸೀಮೆಯ ಕಂಪನಿ ನಾಟಕಗಳಲ್ಲಿ, ಶ್ರೀಕೃಷ್ಣ ಪಾರಿಜಾತದಲ್ಲಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪೇಟಿ ಉಸಿರಾಡುತ್ತಲೇ ಇತ್ತು. ಅನೇಕ ವಾದ್ಯಗಳನ್ನು ವಶಮಾಡಿಕೊಂಡಿದ್ದ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಹಾರ್ಮೋನಿಯಂ ಕೇಳಿದವರು ಈ ಕಡೆ ಹಳ್ಳಿ ಹಳ್ಳಿಯಲ್ಲಿದ್ದಾರೆ. ಬೆಳಗಾವಿಯ ರಾಂಭಾವು ಬಿಜಾಪುರೆಯವರು ತಲೆಮಾರುಗಳ ಗಾಯಕರಿಗೆ ಸಾಥ್ ಕೊಟ್ಟರು. ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರ ಪಕ್ಕದಲ್ಲಿ ವಸಂತ ಕನಕಾಪುರ, ಅಪ್ಪಾ ಜಳಗಾಂವಕರ, ಪುರುಷೋತ್ತಮ ವಾಲಾವಲಕರ ಅಂಥವರು ಕೂತರು. ಆ ಧ್ವನಿಮುದ್ರಿಕೆಗಳನ್ನು ಪೇಟಿಯ ಮೇಲಷ್ಟೇ ಗಮನವಿಟ್ಟು ಕೇಳಿ ನೋಡಿ. ಅಷ್ಟು ದೊಡ್ಡ ಕೈಗಳು ಎಷ್ಟು ಕಡಿಮೆ ಸ್ವರ ಖರ್ಚು ಮಾಡಿವೆ! ಗವಾಯಿಗಳು 2010ರ ಸೆಪ್ಟೆಂಬರಿನಲ್ಲಿ ಹೋದರು, ಬಿಜಾಪುರೆಯವರು ಅದೇ ವರ್ಷದ ನವೆಂಬರಿನಲ್ಲಿ. ಆ ವರ್ಷ ನನ್ನ ಪಾಲಿಗೆ ಬರಗಾಲದ ವರ್ಷ.

ಪೇಟಿ ಕಲಿಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದೊಂದು ಕೇಳಿಕೆ. ಈ ಶ್ರಾವಣಕ್ಕೆ ಮೊದಲು ಒಂದು ತಿಂಗಳು ದಿನಕ್ಕೆ ಅರ್ಧ ತಾಸು ಬಲಗೈಯ ಒಂದೇ ಬೆರಳನ್ನು ಷಡ್ಜದ ಮೇಲಿಟ್ಟು, ಎಡಗೈಯಿಂದ ಉಸಿರಾಡುವುದನ್ನಷ್ಟೇ ಸಾಧನೆ ಮಾಡಿರಿ. ನೀವು ಸಾಥ್ ಮಾಡುವವರ ಷಡ್ಜ ಯಾವುದು, ಅವರು ಎಲ್ಲಿ ಉಸಿರು ತೆಗೆಯುತ್ತಾರೆ, ಯಾವ ಮಾತಿನ ಮುಂದೆ ನಿಲ್ಲುತ್ತಾರೆ ಅಂತ ಹಾಡಿಗಿಂತ ಮೊದಲು ಬಾಯಿಪಾಠ ಮಾಡಿರಿ. ಅವರು ನಿಂತಲ್ಲಿ ನೀವೂ ನಿಲ್ಲಿರಿ.

ಶ್ರಾವಣದ ಮೊದಲ ಸೋಮವಾರ ಕಾಕಾ ಗುಡಿಯಲ್ಲಿ ಹಾಡುತ್ತಾರೆ. ಅವರ ಷಡ್ಜ ಕರಿ ಒಂದು. ಬಿಳಿ ನಾಲ್ಕು ಈಗ ಅವರ ಗಾಂಧಾರಕ್ಕೆ ಕೂಡಿದೆ.