ಒಮ್ಮೆ ಮುಖ ತೋರಿಸಿ ಬಂದರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಮನೆ ಜಗಲಿಗೆ ಪಾಲಕರ ಸವಾರಿ ಶುರು. ಕುಳಿತು, ಚಹಾ ಕುಡಿದು, ಹೊರಡುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: "ಮಾಸ್ಟ್ರೇ, ಅರ್ಜಿ ಕೊಟ್ಟಾಗಿದೆ. ಒಮ್ಮೆ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಮುಖ ತೋರಿಸಿ ಬಂದರೆ ಹೇಗೆ?"

ಹಿಂದೆಲ್ಲ ನಾನು "ಹೋಗಿ ಬನ್ನಿ, ಕಳಕೊಳ್ಳುವುದೇನು?" ಎನ್ನುತ್ತಿದ್ದೆ. ಈಗ ಹಾಗೆನ್ನುವುದಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗ.

ಅವನು ನನ್ನ ಶಿಷ್ಯ. 625ರಲ್ಲಿ 541 ಅಂಕ. ಹಾಳಾದ ರೇಡಿಯೋ ಸಿಕ್ಕಿದರೆ ಊಟ ಬಿಟ್ಟು ಬಿಚ್ಚುವ ಜಾತಿಯವನು. ತಂದೆ ಬಂದರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ನನ್ನ ಮಾತು ಕೇಳಿ ಇಬ್ಬರೂ ಒಂದೇ ಕೊಡೆಯಲ್ಲಿ ನೆನೆಯುತ್ತ ನಗರದ ಕಾಲೇಜೊಂದಕ್ಕೆ ಹೋದರು. ಪ್ರಾಂಶುಪಾಲರು ಕುಳ್ಳಿರಿಸಿ ಮಾತಾಡಿಸಿ, "ಒಳ್ಳೆ ಮಾರ್ಕು, ನೋಡೋಣ" ಎಂದರಂತೆ. ಈ 'ನೋಡೋಣ' ಇದೆಯಲ್ಲ, ಹೇಳುವವರಿಗೆ ಅದು ಬರೀ ಸೌಜನ್ಯ. ಕೇಳುವವರಿಗೆ ಸೀಟು ಸಿಕ್ಕಿದ ಹಾಗೆಯೇ. ತಂದೆ ಬೇರೆಲ್ಲೂ ಅರ್ಜಿ ಹಾಕಲಿಲ್ಲ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ, ಎರಡನೆಯದರಲ್ಲೂ ಇಲ್ಲ. ಅಷ್ಟರಲ್ಲಿ ಉಳಿದ ಕಾಲೇಜುಗಳಲ್ಲಿ ವಿಜ್ಞಾನದ ಸೀಟು ಭರ್ತಿ. ಹುಡುಗ ಕಾಮರ್ಸ್ ಓದಿದ. ಈಗ ಅವನೂ ಬಂದರಿನಲ್ಲಿ ಲೆಕ್ಕ ಬರೆಯುತ್ತಾನೆ. ಎದುರು ಸಿಕ್ಕಾಗ "ಸಾರ್" ಎಂದು ನಗುತ್ತಾನೆ. ನನಗೇ ಅವನ ಮುಖ ನೋಡಲಾಗುವುದಿಲ್ಲ. ಪ್ರಾಂಶುಪಾಲರು ಸುಳ್ಳೇನೂ ಹೇಳಿರಲಿಲ್ಲ. ಬುದ್ಧಿ ಹೇಳಿದವನು ನಾನು.

ಪಿಯುಸಿ ಆಯ್ಕೆಪಟ್ಟಿ ತಯಾರಾಗುವುದು ಅಂಕ ಮತ್ತು ಮೀಸಲಾತಿಯ ಲೆಕ್ಕದಲ್ಲಿ. 'ಬಂದು ಹೋದವರು' ಎಂಬ ಕಾಲಂ ಅದರಲ್ಲಿಲ್ಲ. ಎಂಟನೇ ತರಗತಿವರೆಗಿನ ಮಕ್ಕಳ ವಿಷಯದಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನೇ ನಿಷೇಧಿಸಿದೆ. ಇನ್ನು ಆಡಳಿತ ಮಂಡಳಿ ಕೋಟಾದ ಸೀಟಿಗೆ ಹೋಗುವುದು ಭೇಟಿಯಲ್ಲ, ವ್ಯಾಪಾರ. ಅದರ ಮಾತು ಇಲ್ಲಿ ಬೇಡ.

ಅಮೆರಿಕದಲ್ಲಿರುವ ನನ್ನ ಭಾವನ ಮಗ ಹೇಳುವುದು ಬೇರೆ. ಅಲ್ಲಿನ ಕೆಲವು ಖಾಸಗಿ ಕಾಲೇಜುಗಳು ವಿದ್ಯಾರ್ಥಿ ಬಂದು ನೋಡಿ ಹೋದದ್ದನ್ನು ಬರೆದಿಟ್ಟುಕೊಳ್ಳುತ್ತವಂತೆ. ಸೀಟು ಕೊಟ್ಟರೆ ಇವನು ನಿಜಕ್ಕೂ ಸೇರುತ್ತಾನೋ ಇಲ್ಲವೋ ಎಂಬ ಚಿಂತೆ ಅವರಿಗೆ. ನಮ್ಮಲ್ಲಿ ಆ ಚಿಂತೆ ಯಾರಿಗೂ ಇಲ್ಲ. ಹೇಳಿದ ದಿನ ಫೀಸು ಕಟ್ಟದಿದ್ದರೆ ಕೆಳಗಿನ ಹೆಸರು ಮೇಲೆ ಬರುತ್ತದೆ, ಅಷ್ಟೆ.

ಹಾಗಾದರೆ ಹೋಗುವುದೇ ಬೇಡವೇ? ಹೋಗಬೇಕು. ಆದರೆ ಅರ್ಜಿ ಹಾಕುವ ಮೊದಲು. ಮುಖ ತೋರಿಸಲಿಕ್ಕಲ್ಲ, ಕಾಲೇಜಿನ ಮುಖ ನೋಡಲಿಕ್ಕೆ. ವಿಜ್ಞಾನಕ್ಕೆ ಸೇರುವವರು ಆಫೀಸು ಬಿಟ್ಟು ನೇರ ಪ್ರಯೋಗಾಲಯಕ್ಕೆ ನಡೆಯಿರಿ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆಗೇ 30 ಅಂಕ. ಬ್ಯುರೆಟ್ಟಿನ ನಲ್ಲಿ ತಿರುಗುತ್ತದೆಯೇ? ಸಿಂಕು ಒದ್ದೆಯಾಗಿದೆಯೇ? ಲವಣ ವಿಶ್ಲೇಷಣೆ ನಡೆಯುವ ಕೋಣೆಗೆ ಅಮೋನಿಯಾದ್ದೋ, ಕೊಳೆತ ಮೊಟ್ಟೆಯಂಥ ಹೈಡ್ರೋಜನ್ ಸಲ್ಫೈಡ್‌ನದ್ದೋ ಒಂದು ವಾಸನೆ ಇದ್ದೇ ಇರುತ್ತದೆ. ತರಗತಿಗಳು ನಡೆಯುವ ಕಾಲದಲ್ಲೂ ಏನೂ ವಾಸನೆಯಿಲ್ಲದ ರಸಾಯನಶಾಸ್ತ್ರದ ಲ್ಯಾಬು ಕಂಡರೆ ನನಗೆ ಅನುಮಾನ.

ಮಗಳ ಎಸ್ಸೆಸ್ಸೆಲ್ಸಿ ವರ್ಷ, ಡಿಸೆಂಬರಿನಲ್ಲೇ ಅವಳನ್ನು ಕರಕೊಂಡು ಎರಡು ಕಾಲೇಜು ಸುತ್ತಿದೆ. ಒಂದರಲ್ಲಿ ನೀಟ್ ತರಬೇತಿಯ ಬ್ಯಾನರು ಗೇಟಿಗಿಂತ ದೊಡ್ಡದು. ಲ್ಯಾಬು ನೋಡಬೇಕೆಂದೆವು. ಅಟೆಂಡರ್ ಇಪ್ಪತ್ತು ನಿಮಿಷ ಬೀಗದ ಕೈ ಹುಡುಕಿದ. "ಇದನ್ನು ನಾವು ತೆಗೆಯುವುದು ಪರೀಕ್ಷೆ ಹತ್ತಿರ ಬಂದಾಗ ಸಾರ್" ಎಂದ, ಪಾಪ, ಪ್ರಾಮಾಣಿಕ ಮನುಷ್ಯ. ಬಾಗಿಲು ತೆರೆದಾಗ ಮೈಕ್ರೋಸ್ಕೋಪುಗಳು ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. ಮಗಳು ಒಂದರ ಮೇಲೆ ಬೆರಳಾಡಿಸಿ, ಧೂಳಿನಲ್ಲಿ ತನ್ನ ಹೆಸರು ಬರೆದು, "ಅಪ್ಪಾ, ಹೋಗುವ" ಎಂದಳು.